ಮನೆಯ ಲಾನ್‌ಗೆ ಯಾವ ಸ್ಪ್ರಿಂಕ್ಲರ್? ಮೊದಲು ನಲ್ಲಿಯ ಫೋರ್ಸ್ ನೋಡಿ

ನೀರು ಎಷ್ಟು ದೂರ ಹಾಯುತ್ತದೆ ಎಂದು ಸ್ಪ್ರಿಂಕ್ಲರ್ ಡಬ್ಬಿಯ ಮೇಲೆ ಬರೆದಿರುವ ಅಡಿಗಳ ಲೆಕ್ಕ ಸಾಮಾನ್ಯವಾಗಿ 2–3 ಬಾರ್ ಒತ್ತಡಕ್ಕೆ ಹೊಂದುವಂಥದ್ದು. ನಮ್ಮ ಊರುಗಳ ಬಹುಪಾಲು ಮನೆಗಳಲ್ಲಿ ತೋಟದ ನಲ್ಲಿಗೆ ನೀರಿಳಿಯುವುದು ತಾರಸಿಯ ಟ್ಯಾಂಕಿನಿಂದ. ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 1 ಬಾರ್. ನೆಲಮಹಡಿ, ಅದರ ಮೇಲೊಂದು ಮಹಡಿ, ತಾರಸಿಯಲ್ಲಿ ಐದಡಿ ಸ್ಟ್ಯಾಂಡ್ ಮೇಲೆ ಟ್ಯಾಂಕ್ ಅಂದರೆ 8 ಮೀಟರ್ ಆಸುಪಾಸು, 0.8 ಬಾರ್. ಅದೂ ನಲ್ಲಿ ಮುಚ್ಚಿರುವಾಗ. ತೆರೆದ ಕೂಡಲೇ ಇನ್ನಷ್ಟು ಇಳಿಯುತ್ತದೆ. ಒಳಗೆ ತುಕ್ಕು ಕಟ್ಟಿದ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇದ್ದರಂತೂ ಕೇಳುವುದೇ ಬೇಡ. ಹಾಗಾಗಿ ಸ್ಪ್ರಿಂಕ್ಲರ್‌ಗಳ ಹೋಲಿಕೆಯನ್ನು ಎರಡು ಸ್ಥಿತಿಯಲ್ಲಿ ನೋಡಬೇಕು: ಬರೀ ಟ್ಯಾಂಕಿನ ನೀರು, ಮತ್ತು ಅರ್ಧ ಎಚ್‌ಪಿ ಪಂಪ್ ಹಾಕಿ ಸಂಪಿನಿಂದ ಎತ್ತಿದ ನೀರು.

ಟ್ಯಾಂಕಿನ ನೀರಿಗೆ ಗೆಲ್ಲುವುದು ಮೂರು ಕೈಯ ತಿರುಗುವ ಸ್ಪ್ರಿಂಕ್ಲರ್. ಚಿಮ್ಮುವ ನೀರಿನ ಹಿಂದೊತ್ತಿನಿಂದಲೇ ತಿರುಗುವುದರಿಂದ ಅರ್ಧ ಬಾರ್ ಸುತ್ತಮುತ್ತಲೂ ಕೆಲಸ ಮಾಡುತ್ತದೆ, ನಾಲ್ಕೈದು ಮೀಟರ್ ಅಗಲದ ವೃತ್ತ ತೋಯಿಸುತ್ತದೆ. ಕೈಗಳ ತುದಿಯ ಮೂತಿಯನ್ನು ಸ್ವಲ್ಪ ಮೇಲಕ್ಕೆತ್ತಿದರೆ ನೀರು ದೂರ ಹೋಗುತ್ತದೆ, ಆದರೆ ತಿರುಗುವ ವೇಗ ತಗ್ಗುತ್ತದೆ. ಅಡ್ಡಕ್ಕೆ ವಾಲಿಸಿದರೆ ರಭಸವಾಗಿ ಸುತ್ತಿ ನೀರನ್ನು ಹತ್ತಿರದಲ್ಲೇ ಸುರಿಯುತ್ತದೆ. ಕಡಿಮೆ ಫೋರ್ಸ್ ಇರುವಲ್ಲಿ ನಿಧಾನವಾಗಿ ತಿರುಗುವ ಹಾಗೆ ಇಡುವುದೇ ಸರಿ. ಕೆಡುವುದು ನಡುವಿನ ಬುಷ್, ಅಂದರೆ ಕೈಗಳು ತಿರುಗಲು ಆಸರೆಯಾದ ಬಳೆ. ಮರಳು ಸೇರಿ ಸವೆದರೆ ಬುಡದಿಂದ ನೀರು ಸೋರುತ್ತದೆ, ಕೈಗಳು ನಿಲ್ಲುತ್ತವೆ. ನಲ್ಲಿಯ ಜೋಡಣೆಯಲ್ಲಿ ಜಾಲರಿ ಇರುವ ವಾಷರ್ ಹಾಕಿದರೆ ಇದು ಬಹಳ ಕಾಲ ಬಾಳುತ್ತದೆ. ಇದರ ನಿಜವಾದ ಕೊರತೆ ವೃತ್ತವೇ. ಚೌಕದೊಳಗೆ ಬರೆದ ವೃತ್ತ ಮುಟ್ಟುವುದು ಶೇ 78ರಷ್ಟು ಜಾಗವನ್ನು ಮಾತ್ರ, ಮೂಲೆಗಳು ಒಣಗುತ್ತವೆ. ಸ್ಥಳ ಬದಲಿಸುವಾಗ ಒಂದು ವೃತ್ತದ ಅಂಚು ಹಿಂದಿನ ವೃತ್ತದ ನಡುಭಾಗದ ಹತ್ತಿರ ಬರುವಂತಿರಲಿ.

ಕೃಷಿಯವರು ಜೆಟ್ ಅನ್ನುವ ಹಿತ್ತಾಳೆಯ ಟಕ್-ಟಕ್ ಸ್ಪ್ರಿಂಕ್ಲರ್ ಕಾಫಿ, ಅಡಿಕೆ ತೋಟದಲ್ಲಿ ಚೆನ್ನಾಗಿ ಓಡುವುದನ್ನು ಕಂಡು ಮನೆಗೂ ತರುವವರಿದ್ದಾರೆ. ತೋಟದಲ್ಲಿ ಅದರ ಹಿಂದೆ ಪಂಪ್ ಇರುತ್ತದೆ. ಟ್ಯಾಂಕಿನ ನೀರಿಗೆ ಇದರ ಸ್ಪ್ರಿಂಗ್ ಕೈ ಒಂದೆರಡು ಸಲ ಬಡಿದು ನಿಂತುಬಿಡುತ್ತದೆ. ತಿರುಗಿದರೂ ಧಾರೆ ಹನಿಯಾಗಿ ಒಡೆಯದೆ, ಹೊರ ಅಂಚಿನಲ್ಲಿ ಉಂಗುರದಂತೆ ಬಿದ್ದು ನಡುವೆ ಒಣಗಿದ ಹುಲ್ಲು ಬಿಡುತ್ತದೆ. 2 ಬಾರ್ ದಾಟಿದ ಮೇಲೆ ಇದೇ ಸಾಧನ ಎಂಟು ಮೀಟರಿಗೂ ಹೆಚ್ಚು ದೂರ ಹಾಯಿಸುತ್ತದೆ; ಮೂತಿಯ ಮುಂದಿನ ಸ್ಕ್ರೂ ಸ್ವಲ್ಪ ಒಳಕ್ಕೆ ತಿರುಗಿಸಿ ಧಾರೆ ಒಡೆದರೆ ನಡುಭಾಗಕ್ಕೂ ನೀರು ಬೀಳುತ್ತದೆ. ಪ್ರತಿ ಬಡಿತಕ್ಕೂ ಅದುರುವುದರಿಂದ ಒದ್ದೆ ನೆಲದಲ್ಲಿ ಗೂಟ ಸಡಿಲವಾಗಿ ವಾಲುತ್ತದೆ, ವಾಲಿದ ಕಡೆ ಮಡು ನಿಲ್ಲುತ್ತದೆ. 30x40 ಸೈಟಿನ ಮುಂದಿನ ಪಟ್ಟಿಗೆ ಇದು ಬೇಡವೇ ಬೇಡ. ಅರ್ಧ ನೀರು ಕಾಂಪೌಂಡಿಗೆ, ಪಕ್ಕದ ಮನೆಯ ಕಿಟಕಿಗೆ ಹೋಗುತ್ತದೆ.

ಆಯತಾಕಾರದ ಲಾನ್, ಜೊತೆಗೆ ಪಂಪ್ ಇದೆ ಅಂದರೆ ಅತ್ತಿಂದಿತ್ತ ವಾಲುವ ಬೀಸಣಿಗೆ ಮಾದರಿಯೇ ಉತ್ತಮ. ಬಾಗಿದ ಕೊಳವೆ, ಅದರಲ್ಲಿ ಸಾಲಾಗಿ ರಂಧ್ರಗಳು, ಒಳಗೆ ಪುಟ್ಟ ಗೇರ್. ಮೂಲೆಯವರೆಗೂ ನೀರು ತಲುಪಿಸುವುದು ಇದೊಂದೇ. ಆದರೆ ಎರಡೂ ತುದಿಯಲ್ಲಿ ತಿರುಗುವಾಗ ಕ್ಷಣಕಾಲ ನಿಲ್ಲುವುದರಿಂದ ಅಲ್ಲಿ ನೀರು ಹೆಚ್ಚು ಬೀಳುತ್ತದೆ. ಎತ್ತರಕ್ಕೆ ಚಿಮ್ಮುವ ತೆಳು ಎಳೆಗಳಾದ್ದರಿಂದ ಗಾಳಿ ಬಂದರೆ ಹಾರಿಹೋಗುತ್ತವೆ. ಬೋರ್‌ವೆಲ್‌ನ ಗಡಸು ನೀರಿಗೆ ಮೊದಲು ಸೋಲುವುದೂ ಇದರ ರಂಧ್ರಗಳೇ. ಬಿಳಿ ಉಪ್ಪು ಕಟ್ಟಿದರೆ ಕೊಳವೆಯ ತುದಿಯ ಮುಚ್ಚಳ ಬಿಚ್ಚಿ, ರಂಧ್ರಗಳ ಭಾಗವನ್ನು ವಿನೆಗರ್‌ನಲ್ಲಿ ಒಂದೆರಡು ಗಂಟೆ ನೆನೆಸಿ, ಗುಂಡುಪಿನ್ನಿನಿಂದ ಒಂದೊಂದಾಗಿ ಬಿಡಿಸಿ. ಕಬ್ಬಿಣದ ಮೊಳೆಯಿಂದ ಚುಚ್ಚಿದರೆ ರಂಧ್ರ ದೊಡ್ಡದಾಗಿ ಆ ಎಳೆ ಹಾದಿ ತಪ್ಪುತ್ತದೆ.

ಗೂಟದ ಮೇಲಿನ ತಿರುಗದ ಚಿಟ್ಟೆ ಮಾದರಿ ಆರೆಂಟು ಅಡಿಯ ತುಣುಕಿಗೆ ಸಾಕು, ಅದಕ್ಕಿಂತ ದೊಡ್ಡದಕ್ಕೆ ಅಲ್ಲ.

ಇಷ್ಟಾದರೂ ಸ್ಪ್ರಿಂಕ್ಲರ್‌ಗಿಂತ ಪೈಪ್ ಬದಲಿಸಿದರೆ ಹೆಚ್ಚು ಲಾಭ. ಅರ್ಧ ಇಂಚಿನ ಪೈಪಿನಲ್ಲಿ ನಿಮಿಷಕ್ಕೆ 15 ಲೀಟರ್ ಹರಿಸಲು 30 ಮೀಟರ್ ಉದ್ದಕ್ಕೆ 1 ಬಾರ್‌ಗೂ ಹೆಚ್ಚು ಒತ್ತಡ ತಿಕ್ಕಾಟದಲ್ಲೇ ಕರಗುತ್ತದೆ. ಟ್ಯಾಂಕಿನಲ್ಲಿ ಅಷ್ಟು ಇಲ್ಲವೇ ಇಲ್ಲ! ಅದೇ ಹರಿವಿಗೆ ಮುಕ್ಕಾಲು ಇಂಚಿನ ಪೈಪಿನಲ್ಲಿ ಆಗುವ ನಷ್ಟ ಸುಮಾರು ಏಳರಲ್ಲಿ ಒಂದು ಪಾಲು. ನಲ್ಲಿ ಅರ್ಧ ಇಂಚಿನದಾದರೂ ಪೈಪ್ ಮುಕ್ಕಾಲು ಇಂಚು ಇರಲಿ, ಬೇಕಾದಷ್ಟೇ ಉದ್ದ ಇರಲಿ. ಪಂಪಿನ ಒತ್ತಡಕ್ಕೆ ಪ್ಲಾಸ್ಟಿಕ್ ಕನೆಕ್ಟರ್ ಕಳಚಿಕೊಳ್ಳುತ್ತದೆ, ಅಲ್ಲಿ ಸ್ಟೀಲ್ ಕ್ಲಿಪ್ ಹಾಕಿ ಸ್ಕ್ರೂ ಬಿಗಿ ಮಾಡಿ. ಪಂಪ್ ಓಡುತ್ತಿರುವಾಗ ಸ್ಪ್ರಿಂಕ್ಲರ್ ಕಡೆಯ ವಾಲ್ವ್ ಮುಚ್ಚಬೇಡಿ, ಒತ್ತಡ ಏರಿದಾಗ ತಾನೇ ನಿಲ್ಲಿಸುವ ಪ್ರೆಶರ್ ಸ್ವಿಚ್ ಇಲ್ಲದ ಪಂಪ್ ಬಿಸಿಯಾಗಿ ಸೀಲ್ ಹೋಗುತ್ತದೆ.

ಎಷ್ಟು ಹೊತ್ತು ಬಿಡಬೇಕು ಅನ್ನುವುದನ್ನು ಅಳೆದೇ ತಿಳಿಯಬೇಕು. ನೇರ ಗೋಡೆಯ ಆರೇಳು ಒಂದೇ ಬಗೆಯ ಡಬ್ಬಗಳನ್ನು ಸ್ಪ್ರಿಂಕ್ಲರ್ ಬುಡದಿಂದ ಅಂಚಿನವರೆಗೆ ಸಾಲಾಗಿಟ್ಟು 15 ನಿಮಿಷ ಓಡಿಸಿ, ಸ್ಕೇಲಿನಿಂದ ಆಳ ನೋಡಿ. ಬುಡಕ್ಕಿಂತ ಬಾಯಿ ಅಗಲವಾದ ಲೋಟ ಇಟ್ಟರೆ ಲೆಕ್ಕ ತಪ್ಪುತ್ತದೆ. ಒಂದು ಚದರ ಮೀಟರಿಗೆ ಒಂದು ಲೀಟರ್ ಅಂದರೆ 1 ಮಿ.ಮೀ. ನಿಮಿಷಕ್ಕೆ 9 ಲೀಟರಿನಂತೆ 5 ಮೀಟರ್ ವ್ಯಾಸದ ವೃತ್ತಕ್ಕೆ ಬಿದ್ದರೆ ಗಂಟೆಗೆ ಸುಮಾರು 27 ಮಿ.ಮೀ. ಆಯಿತು. ಬೇಸಿಗೆಯಲ್ಲಿ ಬೆಂಗಳೂರು, ಮೈಸೂರಿನ ಬಿಸಿಲಿಗೆ ಹುಲ್ಲಿಗೆ ದಿನಕ್ಕೆ 4–5 ಮಿ.ಮೀ. ಬೇಕು, ದಿನಾ ಚಿಮುಕಿಸುವ ಬದಲು ಮೂರು ದಿನಕ್ಕೊಮ್ಮೆ 12 ಮಿ.ಮೀ. ಕೊಟ್ಟರೆ ಬೇರು ಆಳಕ್ಕೆ ಇಳಿಯುತ್ತದೆ. 20x30 ಅಡಿ ಲಾನ್‌ಗೆ ಇದು 670 ಲೀಟರ್, ಸಾವಿರ ಲೀಟರ್ ಟ್ಯಾಂಕಿನ ಮೂರನೇ ಎರಡು ಪಾಲು. ಟ್ಯಾಂಕ್ ಖಾಲಿಯಾಗುತ್ತಾ ಹೋದಂತೆ ವೃತ್ತವೂ ಕುಗ್ಗುತ್ತದೆ, ಆದ್ದರಿಂದ ತುಂಬಿದ ಟ್ಯಾಂಕಿನಲ್ಲೇ ಶುರು ಮಾಡಿ. ಹೊಸ ಬಡಾವಣೆಯ ಗಟ್ಟಿ ನೆಲ ಇಷ್ಟು ನೀರನ್ನು ಒಂದೇ ಸಲಕ್ಕೆ ಹೀರುವುದಿಲ್ಲ: 10 ನಿಮಿಷ ನೀರು ಬಿಟ್ಟು, ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಬಿಡಿ. ಮುಗಿದ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ, ನಾಲ್ಕೈದು ಇಂಚು ಸಲೀಸಾಗಿ ಇಳಿದರೆ ಸಾಕು. ಬೆಳಗ್ಗೆ ಎಂಟರೊಳಗೆ ಮುಗಿಸಿ. ಆಗ ಗಾಳಿಯೂ ಕಡಿಮೆ, ರಾತ್ರಿಯಿಡೀ ಹುಲ್ಲು ಒದ್ದೆಯಿದ್ದು ಶಿಲೀಂಧ್ರ ಹಿಡಿಯುವ ಭಯವೂ ಇಲ್ಲ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಅಂಥ ದಿನಗಳಲ್ಲಿ ಉಳಿಯುವ ದಾರಿ ಸಂಗ್ರಹಿಸಿದ ಮಳೆನೀರು ಅಥವಾ ಸಂಸ್ಕರಿಸಿದ ಕೊಳಚೆ ನೀರು. ಸಂಸ್ಕರಿಸಿದ ನೀರಿಗೆ ಮಂಜಿನಂತೆ ಸಿಂಪಡಿಸುವ ಮೂತಿ ಬೇಡ, ಆ ತುಂತುರು ಉಸಿರಿನೊಳಗೆ ಹೋಗುತ್ತದೆ. ದಪ್ಪ ಹನಿ ಬೀಳಿಸುವ ಮೂರು ಕೈಯದ್ದನ್ನು ಕಡಿಮೆ ಫೋರ್ಸ್‌ನಲ್ಲಿ ಓಡಿಸಿ, ಹುಲ್ಲು ಆರುವವರೆಗೆ ಮಕ್ಕಳನ್ನು ಆಡಲು ಬಿಡಬೇಡಿ.