ಹನ್ನೆರಡೂವರೆ ಗಂಟೆ ತಡವಾದ ವಿಮಾನ, ಒಂದು ಹಾಳೆ ಕಾಗದ

ರಾತ್ರಿ 9 ಗಂಟೆ 10 ನಿಮಿಷಕ್ಕೆ ಹೊರಡಬೇಕಿದ್ದ ನಮ್ಮ ಅಂತರರಾಷ್ಟ್ರೀಯ ವಿಮಾನವು ಮರುದಿನ ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ನೆಲ ಬಿಟ್ಟಿತು. ಯಂತ್ರ ಕೆಟ್ಟಿದ್ದರೆ ಅದನ್ನು ಸರಿಪಡಿಸಿಕೊಂಡೇ ಹಾರಬೇಕು; ಆ ಬಗ್ಗೆ ನನ್ನ ತಕರಾರಿಲ್ಲ. ಆ ಹನ್ನೆರಡೂವರೆ ಗಂಟೆಗಳಲ್ಲಿ ವಿಮಾನಯಾನ ಸಂಸ್ಥೆಯು ನಮ್ಮನ್ನು ನಡೆಸಿಕೊಂಡ ಬಗೆ ಮತ್ತು ಸುಮಾರು ನೂರೈವತ್ತು ಮಂದಿ ಅಪರಿಚಿತರು ಅದನ್ನು ಎದುರಿಸಿದ ಬಗೆ, ಇವೆರಡನ್ನು ಕುರಿತು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಎರಡು ಗಂಟೆ ಯಾರೂ ಬಾಯಿ ಬಿಡಲಿಲ್ಲ. ಗೇಟಿನ ಮೇಲಿನ ಫಲಕದಲ್ಲಿ ಹೊರಡುವ ಸಮಯ ನಲವತ್ತು ನಲವತ್ತು ನಿಮಿಷ ಮುಂದಕ್ಕೆ ಹೋಗುತ್ತಿತ್ತು. ಕಾರಣವನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಪ್ರತಿ ಸಲವೂ ನಾವು ತಲೆಯೆತ್ತಿ ಫಲಕವನ್ನು ನೋಡಿ, ಆಮೇಲೆ ಅಕ್ಕಪಕ್ಕದವರ ಮುಖ ನೋಡಿ, ಅವರು ಸುಮ್ಮನಿದ್ದಾರೆಂದ ಮೇಲೆ ದೊಡ್ಡದೇನೂ ಆಗಿರಲಾರದು ಎಂದು ಮತ್ತೆ ಮೊಬೈಲಿಗೆ ಕಣ್ಣು ಹಾಕುತ್ತಿದ್ದೆವು. 1968ರಲ್ಲಿ ಬಿಬ್ ಲಾಟನೆ ಮತ್ತು ಜಾನ್ ಡಾರ್ಲಿ ಎಂಬ ಮನೋವಿಜ್ಞಾನಿಗಳು, ಪ್ರಶ್ನಾವಳಿ ತುಂಬುತ್ತಿದ್ದವರ ಕೋಣೆಯೊಳಕ್ಕೆ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟು ನೋಡಿದ್ದರು. ಒಂಟಿಯಾಗಿ ಕುಳಿತವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಎದ್ದುಹೋಗಿ ತಿಳಿಸಿದರು; ಮೊದಲೇ ಹೇಳಿಕೊಟ್ಟಂತೆ ನಿರ್ಲಿಪ್ತರಾಗಿ ಕುಳಿತ ಇಬ್ಬರ ನಡುವೆ ಇದ್ದವರಲ್ಲಿ ಹಾಗೆ ಎದ್ದವರು ಹತ್ತರಲ್ಲಿ ಒಬ್ಬರು ಮಾತ್ರ. ನಮ್ಮ ಗೇಟಿನಲ್ಲಿ ಹೊಗೆಯೊಂದು ಇರಲಿಲ್ಲ, ಅಷ್ಟೆ.

ಹನ್ನೊಂದು ಗಂಟೆ ದಾಟಿದ ಮೇಲೆ ವಯಸ್ಸಾದ ಮಹಿಳೆಯೊಬ್ಬರು ಕೌಂಟರಿಗೆ ಹೋಗಿ, ವಿಮಾನಕ್ಕೆ ಏನಾಗಿದೆ ಎಂದು ಕೇಳಿದರು. "ಮೆಸೇಜ್ ಬರುತ್ತದೆ ಮೇಡಂ, ಕೂತಿರಿ" ಎಂಬ ಉತ್ತರ ಬಂತು. ಅವರು ತಿರುಗಿ ಹೊರಟಾಗ, ಹಿಂದೆ ನಿಂತಿದ್ದ ಯುವಕನೊಬ್ಬ, "ಅವರು ಕೇಳಿದ್ದು ಮೆಸೇಜಿನ ವಿಷಯವಲ್ಲವಲ್ಲ" ಎಂದ. ಆ ಒಂದು ಮಾತಿಗೇ ಇಪ್ಪತ್ತು ಜನ ಎದ್ದರು. ಮನೋವಿಜ್ಞಾನಿ ಸಾಲೊಮನ್ ಆಶ್ 1950ರ ದಶಕದಲ್ಲಿ ಗೆರೆಗಳ ಉದ್ದವನ್ನು ಹೋಲಿಸುವ ಪ್ರಯೋಗಗಳಲ್ಲಿ ಕಂಡದ್ದೂ ಇದನ್ನೇ: ಗುಂಪೆಲ್ಲ ತಪ್ಪು ಹೇಳುವಾಗ ಸರಿ ಹೇಳುವ ಜೊತೆಗಾರ ಒಬ್ಬನೇ ಒಬ್ಬ ಸಿಕ್ಕರೆ, ಗುಂಪಿಗೆ ತಲೆಬಾಗುವ ಪ್ರಮಾಣ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ.

ಈ ಸಂಸ್ಥೆಯ ಸೇವೆಯಲ್ಲಿ ನಾನು ಕ್ಷಮಿಸಲಾರದ ಭಾಗ ಶುರುವಾದದ್ದು ಇದರ ನಂತರ. ಏನಾದರೂ ಕೊಡುವುದಿದ್ದರೆ ಎಲ್ಲರಿಗೂ ಒಂದೇ ಸಲ ಪ್ರಕಟಿಸಬಹುದಿತ್ತು. ಹಾಗೆ ಮಾಡದೆ ಸಿಬ್ಬಂದಿ ಹೆಚ್ಚು ಜೋರಾಗಿ ಮಾತನಾಡಿದವರನ್ನು ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ಕರೆದು, ಕೆಲವರಿಗೆ ಹೋಟೆಲ್ ಕೋಣೆಯನ್ನೂ ಕೆಲವರಿಗೆ ಮುಂದಿನ ಪ್ರಯಾಣಕ್ಕೆ ಆಗುವ ವೋಚರನ್ನೂ ಕೊಟ್ಟು, "ಇದು ನಿಮಗೆ ಮಾತ್ರ, ಬೇರೆಯವರಿಗೆ ಹೇಳಬೇಡಿ" ಎಂದು ಪಿಸುಗುಟ್ಟುತ್ತಿದ್ದರು. ನನಗೂ ಒಂದು ವೋಚರ್ ಸಿಕ್ಕಿತು. ಅದನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು ಮುಕ್ಕಾಲು ಗಂಟೆ ಏನೂ ಆಗದವನಂತೆ ಕುಳಿತಿದ್ದೆ ಎಂಬುದನ್ನು ಇಲ್ಲಿ ಮುಚ್ಚಿಡಬಾರದು. ಒಂದೇ ಸಾಲಿನಲ್ಲಿ ಕುಳಿತಿದ್ದ ಇಬ್ಬರಲ್ಲಿ ಒಬ್ಬರಿಗೆ ಕೋಣೆ, ಮತ್ತೊಬ್ಬರಿಗೆ ಬರೀ ಕುರ್ಚಿ ಎಂಬ ಸಂಗತಿ ಹೊರಬಿದ್ದಾಗ ಎದ್ದ ಸಿಟ್ಟು, ವಿಳಂಬದ ಸಿಟ್ಟಿಗಿಂತ ಎಷ್ಟೋ ಪಾಲು ಹೆಚ್ಚಿನದು. 2003ರಲ್ಲಿ ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ಕೆಲಸಕ್ಕೆ ಪಕ್ಕದ ಕೋತಿಗೆ ದ್ರಾಕ್ಷಿ ಸಿಗುವುದನ್ನು ಕಂಡ ಕಪುಚಿನ್ ಕೋತಿಗಳು ತಮ್ಮ ಪಾಲಿನ ಸೌತೆಕಾಯಿಯನ್ನು ಎಷ್ಟೋ ಸಲ ನಿರಾಕರಿಸಿದ್ದವು. ಆ ಸಿಟ್ಟಿಗೆ ಮೊದಲು ಸಿಕ್ಕವಳು ಕೌಂಟರಿನ ಯುವತಿ. ಇಬ್ಬರು ಗಂಡಸರು ಅವಳನ್ನು ಬಾಯಿಗೆ ಬಂದಂತೆ ಬೈದರು. ಯಾವುದನ್ನೂ ತೀರ್ಮಾನಿಸುವ ಅಧಿಕಾರವಿಲ್ಲದ ಅವಳನ್ನು ಸಂಸ್ಥೆಯು ಸಂಜೆಯಿಂದ ಅಲ್ಲಿ ಗುರಾಣಿಯಂತೆ ನಿಲ್ಲಿಸಿತ್ತು.

ಹಣವಿದ್ದವರು ಬೇರೆ ವಿಮಾನಕ್ಕೆ ಟಿಕೆಟ್ ಕೊಂಡು ಹೊರಟರು. ಅವರನ್ನು ದೂರುವಂತಿಲ್ಲ, ಆದರೆ ಅಲ್ಲಿಯವರೆಗೆ ಚೆನ್ನಾಗಿ ವಾದಿಸುತ್ತಿದ್ದವರೂ ಅವರೇ ಆಗಿದ್ದರು. ಗುಣಮಟ್ಟದ ಬಗ್ಗೆ ಹೆಚ್ಚು ಕಾಳಜಿಯುಳ್ಳವರೇ ಮೊದಲು ಹೊರನಡೆಯುವುದರಿಂದ ಒಳಗೆ ಉಳಿದವರ ದನಿ ಕುಗ್ಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲೇ ಬರೆದಿದ್ದರು. ಉಳಿದವರು ಮಕ್ಕಳೊಂದಿಗರು, ಮುದುಕರು, ಇನ್ನೊಂದು ಟಿಕೆಟ್ಟಿಗೆ ಕೈಯಲ್ಲಿ ಕಾಸಿಲ್ಲದವರು. ಒಬ್ಬಾತ ವಿಮಾನದ ಪ್ರಕಟಣೆಗಳನ್ನು ಅದೇ ಧಾಟಿಯಲ್ಲಿ ಅಣಕಿಸಿ ಮಕ್ಕಳನ್ನು ನಗಿಸುತ್ತಿದ್ದ. ಆ ನಗುವಿನಿಂದ ನಮಗೆ ಕೋಣೆ ಸಿಗಲಿಲ್ಲವಾದರೂ ಯುವತಿಯ ಮೇಲಿನ ಕೂಗಾಟ ನಿಂತಿತು.

ಎರಡು ಗಂಟೆಯ ಸುಮಾರಿಗೆ ಅದೇ ಹಿರಿಯ ಮಹಿಳೆ ಕೌಂಟರಿನಿಂದ ಒಂದು ಹಾಳೆಯನ್ನೂ ಪೆನ್ನನ್ನೂ ಕೇಳಿ ಪಡೆದು, ವಿಮಾನದ ಸಂಖ್ಯೆ, ಫಲಕದ ಮೇಲೆ ಸಮಯ ಬದಲಾದ ಒಂದೊಂದು ಗಳಿಗೆ, ಯಾರಿಗೆ ಏನು ಸಿಕ್ಕಿದೆ ಎಂಬ ವಿವರ, ಕೆಳಗೆ ಹೆಸರು, ಆಸನ, ಸಹಿ, ಹೀಗೆ ಬರೆಯತೊಡಗಿದರು. ಹಾಳೆ ನನ್ನ ಬಳಿ ಬಂದಾಗ ಜೇಬಿನ ವೋಚರನ್ನು ತೆಗೆದು ಅದರ ಮೊತ್ತವನ್ನೂ ಬರೆದೆ. ಅರವತ್ತೊಂದು ಸಹಿಗಳಾದವು. ಅಲ್ಲಿಯವರೆಗೆ ಇದ್ದಾರೋ ಇಲ್ಲವೋ ಎಂದೇ ತಿಳಿಯದಿದ್ದ ಮ್ಯಾನೇಜರ್ ಅರ್ಧ ಗಂಟೆಯೊಳಗೆ ಬಂದು, ವಿಳಂಬದ ಕಾರಣವನ್ನು ಹೇಳಿ, ಎಲ್ಲರಿಗೂ ಹೊದಿಕೆ ಮತ್ತು ಊಟದ ಕೂಪನ್ ಕೊಡಿಸಿದರು. ಹೋಟೆಲಿನಲ್ಲಿ ಉಳಿದಿದ್ದ ಕೋಣೆಗಳು ಯಾರಿಗೆ ಸಲ್ಲಬೇಕೆಂದು ನಾವೇ ಕುಳಿತು ನಿರ್ಧರಿಸಿದೆವು. ಕೂಸುಗಳಿದ್ದವರಿಗೆ ಮೊದಲು ಎಂಬುದಕ್ಕೆ ಒಬ್ಬರೂ ಎದುರಾಡಲಿಲ್ಲ.

ಅಂತರರಾಷ್ಟ್ರೀಯ ವಿಮಾನಯಾನದಲ್ಲಿ ಸಂಸ್ಥೆಗಳ ಹೊಣೆಯನ್ನು ನಿಗದಿಪಡಿಸುವ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ಪ್ರಯಾಣಗಳಲ್ಲಿ, ನಷ್ಟ ತಪ್ಪಿಸಲು ಸಮಂಜಸವಾಗಿ ಬೇಕಿದ್ದ ಕ್ರಮಗಳನ್ನೆಲ್ಲ ಕೈಗೊಂಡಿದ್ದೆವು, ಇಲ್ಲವೇ ಕೈಗೊಳ್ಳುವುದು ಅಸಾಧ್ಯವಾಗಿತ್ತು ಎಂದು ಸಂಸ್ಥೆಯು ಸಾಬೀತುಪಡಿಸದ ಹೊರತು, ವಿಳಂಬದಿಂದಾದ ನಷ್ಟಕ್ಕೆ ಅದೇ ಹೊಣೆ. ದಾವೆ ಹೂಡಲು ಎರಡು ವರ್ಷಗಳ ಕಾಲಾವಕಾಶವಿದೆ. ಇದನ್ನು ಸಿಬ್ಬಂದಿಯಲ್ಲಿ ಯಾರೂ ನಮಗೆ ತಿಳಿಸಲಿಲ್ಲ.

ಆಮೇಲೆ ನಾವೆಲ್ಲ ಸೇರಿ ಒಂದೇ ಪತ್ರವಾಗಿ ಕಳುಹಿಸಿದ ದೂರಿಗೆ ಸಂಸ್ಥೆಯು ಒಂದೇ ಉತ್ತರ ಬರೆಯಲಿಲ್ಲ. "ನಿಮಗೆ ವೈಯಕ್ತಿಕವಾಗಿ ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂಬ ಒಂದೇ ಸಾಲನ್ನು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳುಹಿಸಿತು. ನನಗೆ ಬಂದದ್ದರಲ್ಲಿ ಬೇರೆಯವರ ಹೆಸರಿತ್ತು. ಐದರಲ್ಲಿ ಎರಡು ನಕ್ಷತ್ರ ಕೊಡುತ್ತಿದ್ದೇನೆ: ಒಂದು, ದಣಿದಿದ್ದರೂ ಮುಖ ಗಂಟಿಕ್ಕದ ವಿಮಾನದೊಳಗಿನ ಸಿಬ್ಬಂದಿಗೆ, ಇನ್ನೊಂದು, ಯಾತಕ್ಕೆಂದು ತಿಳಿದೂ ಆ ಹಾಳೆ ಮತ್ತು ಪೆನ್ನನ್ನು ಕೊಟ್ಟ ಕೌಂಟರಿನ ಯುವತಿಗೆ.