ಅತ್ತೆಯ ನೂರು ಡಾಲರ್ ಟಿಕೆಟ್: ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್‌ನಲ್ಲಿ ಒಂದು ದಿನ

ನಮ್ಮ ಮನೆಯಲ್ಲಿ ಲೆಕ್ಕದ ಪುಸ್ತಕ ಬರೆಯುವವಳು ನಾನು. ಹಾಲು, ಪೇಪರು, ಸ್ಕೂಲ್ ಫೀಸಿನ ನಡುವೆ ಒಂದು ಪುಟದ ಮೇಲೆ ‘ಡಿಸ್ನಿ’ ಎಂದು ಬರೆದು ಗೆರೆ ಎಳೆದು ಎರಡು ವರ್ಷ ಆಗಿತ್ತು. ಮಗ ಕೇಳುವುದು, ನಾನು ‘ನೋಡೋಣ’ ಅನ್ನುವುದು, ಇಷ್ಟೇ ನಡೆಯುತ್ತಿತ್ತು. ಕೊನೆಗೆ ನಮ್ಮನ್ನು ಹೊರಡಿಸಿದ್ದು ಎರಡು ಹುಟ್ಟುಹಬ್ಬಗಳು.

ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್‌ನಲ್ಲಿ ಮೂರು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಡ. 3ರಿಂದ 11ರವರೆಗೆ ಮಕ್ಕಳ ಟಿಕೆಟ್. ಹನ್ನೆರಡು ತುಂಬಿತೋ, ದೊಡ್ಡವರ ಲೆಕ್ಕ. ನಮ್ಮ ಪುಟ್ಟಿಗೆ ಏಪ್ರಿಲ್‌ನಲ್ಲಿ ಮೂರು ತುಂಬುವುದಿತ್ತು, ಮಗನಿಗೆ ಜೂನ್‌ನಲ್ಲಿ ಹನ್ನೆರಡು. ಪರೀಕ್ಷೆ ಮುಗಿಯುವುದು ಮಾರ್ಚ್‌ನಲ್ಲಿ. ಅಂದರೆ ಮಾರ್ಚ್ ಕೊನೆಯ ವಾರ ಬಿಟ್ಟರೆ ಮತ್ತೆ ದುಡ್ಡು ಜಾಸ್ತಿ. ಏಪ್ರಿಲ್ ಮೊದಲ ವಾರದಲ್ಲಿ ಅಲ್ಲಿ ಚಿಂಗ್ ಮಿಂಗ್ ರಜೆ ಬರುತ್ತದೆ. ಅವರ ಹಿರಿಯರ ಸಮಾಧಿಗೆ ಪೂಜೆ ಮಾಡುವ ಹಬ್ಬ ಅದು. ರಜೆ ಅಂದಮೇಲೆ ಜನ ಜಾಸ್ತಿ, ಟಿಕೆಟ್ ದರವೂ ಜಾಸ್ತಿ. ಚೀನೀ ಹೊಸ ವರ್ಷ ಮತ್ತು ಅಕ್ಟೋಬರ್ ಮೊದಲ ವಾರಕ್ಕೂ ಇದೇ ಮಾತು. ಅಲ್ಲಿ ಟಿಕೆಟ್ ದರ ಎಲ್ಲ ದಿನಕ್ಕೂ ಒಂದೇ ಅಲ್ಲ. ಕ್ಯಾಲೆಂಡರ್ ನೋಡಿ ಅಗ್ಗದ ದಿನ ಆರಿಸಿಕೊಳ್ಳಬೇಕು. ನಾವು ಆರಿಸಿದ್ದು ವಾರದ ಮಧ್ಯದ ಒಂದು ದಿನ.

ಮೊದಲು ಒಬ್ಬ ಟ್ರಾವೆಲ್ ಏಜೆಂಟ್ ಹತ್ತಿರ ಹೋಗಿದ್ದೆವು. ಹೆಸರು ಬೇಡ ಬಿಡಿ. ನಾಲ್ಕು ಜನಕ್ಕೆ ಪ್ಯಾಕೇಜ್ ಹಾಕಿಕೊಟ್ಟರು: ಪಾರ್ಕ್ ಒಳಗಿನ ಹೋಟೆಲ್, ಎರಡು ದಿನದ ಟಿಕೆಟ್, ಜೊತೆಗೆ ತಲೆಗೆ ಇಷ್ಟು ಅಂತ ‘ವೀಸಾ ಚಾರ್ಜ್’. ಅತ್ತೆಯನ್ನು ಸೇರಿಸಿದರೆ ಎಷ್ಟಾಗುತ್ತೆ ಎಂದು ಕೇಳಿದೆ. ‘ಅಜ್ಜಿಗೆ ಅಲ್ಲಿ ಏನಿದೆ ಮೇಡಂ? ಸುಮ್ನೆ ಇನ್ನೊಂದು ಫುಲ್ ಟಿಕೆಟ್ ದಂಡ’ ಎಂದರು. ಅತ್ತೆಯೂ ಅದನ್ನೇ ಹೇಳುತ್ತಿದ್ದರು. ‘ನಂಗ್ಯಾಕಮ್ಮ ಅದೆಲ್ಲ, ನೀವು ಹೋಗಿ ಬನ್ನಿ.’

ಆ ರಾತ್ರಿ ಪಾರ್ಕಿನ ಸ್ವಂತ ವೆಬ್‌ಸೈಟ್ ತೆರೆದು ಕೂತೆ. ದೊಡ್ಡವರ ಒಂದು ದಿನದ ಟಿಕೆಟ್ ಅಗ್ಗದ ದಿನದಲ್ಲೂ ಆರುನೂರು ಹಾಂಗ್‌ಕಾಂಗ್ ಡಾಲರ್‌ನ ಮೇಲೆ. ಅದರ ಕೆಳಗೆ ಇನ್ನೊಂದು ಸಾಲು: 60 ದಾಟಿದ ಹಿರಿಯರಿಗೆ 100 ಡಾಲರ್. ತಪ್ಪು ಓದಿದೆನೇನೋ ಅಂತ ಎರಡು ಸಲ ನೋಡಿದೆ. ಒಂದು ಹಾಂಗ್‌ಕಾಂಗ್ ಡಾಲರ್ ಅಂದರೆ 11 ರೂಪಾಯಿ ಆಸುಪಾಸು. ಅತ್ತೆಗೆ 67. ಟಿಕೆಟ್ ಬೇಕಾದವರಲ್ಲಿ ಎಲ್ಲರಿಗಿಂತ ಅಗ್ಗದವರು ಅವರೇ! ವಿಮಾನಕ್ಕೆ ಅವರಿಗೂ ಪೂರ್ತಿ ದುಡ್ಡು ಬಿತ್ತು, ಅದು ನಿಜ. ಆದರೆ ‘ದಂಡ’ ಅನ್ನುವ ಮಾತು ಅಲ್ಲಿಗೆ ಬಿದ್ದುಹೋಯಿತು. ಏಜೆಂಟರನ್ನೂ ಬಿಟ್ಟೆವು.

ಆ ‘ವೀಸಾ ಚಾರ್ಜ್’ ಬಗ್ಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇರುವವರು 14 ದಿನದೊಳಗಿನ ಪ್ರವಾಸಕ್ಕೆ ಹಾಂಗ್‌ಕಾಂಗ್ ವೀಸಾ ತೆಗೆಸಬೇಕಿಲ್ಲ. ಹೊರಡುವ ಮೊದಲು ಅಲ್ಲಿನ ಇಮಿಗ್ರೇಷನ್ ಇಲಾಖೆಯ ಸೈಟ್‌ನಲ್ಲಿ ಹೆಸರು ನೋಂದಾಯಿಸಬೇಕು. 2017ರಿಂದ ಈ ಪದ್ಧತಿ ಇದೆ. ಪೂರ್ತಿ ಉಚಿತ. ಒಬ್ಬೊಬ್ಬರಿಗೂ ಬೇರೆ ಬೇರೆ ಮಾಡಬೇಕು, ಮಗುವಿಗೂ. ಒಪ್ಪಿಗೆ ಸಿಕ್ಕರೆ ಒಂದು ಚೀಟಿ ಬರುತ್ತದೆ. ಅದನ್ನು ಬಿಳಿ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಕೈಯಲ್ಲಿ ಇಟ್ಟುಕೊಳ್ಳಬೇಕು. ಆರು ತಿಂಗಳು ನಡೆಯುತ್ತದೆ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ತುಂಬಿ. ನಮ್ಮ ಅತ್ತೆಯ ಹೆಸರಿನ ಹಿಂದೆ ಊರು, ಅಪ್ಪ, ಗಂಡ ಎಲ್ಲರೂ ಇದ್ದಾರೆ. ಅದನ್ನು ಟೈಪ್ ಮಾಡುವಷ್ಟರಲ್ಲಿ ನನ್ನ ಕಾಫಿ ಆರಿತ್ತು. ಇಷ್ಟು ಕೆಲಸಕ್ಕೆ ಆ ಏಜೆಂಟರು ತಲೆಗೆ ಇಷ್ಟು ಅಂತ ಕೇಳಿದ್ದರು, ನೋಡಿ.

ಉಳಿಯಲು ತುಂಗ್ ಚುಂಗ್ ಎಂಬ ಕಡೆ ರೂಮು ಮಾಡಿದೆವು. ವಿಮಾನ ನಿಲ್ದಾಣದಿಂದ ಎಸ್1 ಬಸ್ಸು ಹತ್ತಿದರೆ ಅಲ್ಲಿಗೇ ಬಿಡುತ್ತದೆ. ಏರ್‌ಪೋರ್ಟ್ ಎಕ್ಸ್‌ಪ್ರೆಸ್ ರೈಲಿಗೆ ಕೊಡುವ ದುಡ್ಡು ಉಳಿಯಿತು. ರೂಮು ಬೆಂಕಿಪೊಟ್ಟಣ. ಸೂಟ್‌ಕೇಸ್ ತೆರೆದರೆ ಒಬ್ಬರು ಮಂಚದ ಮೇಲೆ ಕಾಲು ಎತ್ತಿಕೊಂಡು ಕೂರಬೇಕು. ಆದರೆ ಅಲ್ಲಿಂದ ಡಿಸ್ನಿಲ್ಯಾಂಡ್ ಎಷ್ಟು ಹತ್ತಿರ ಗೊತ್ತೇ? ಮೆಟ್ರೋದಲ್ಲಿ ಒಂದೇ ಸ್ಟೇಷನ್ ಹೋಗಿ ಸನ್ನಿ ಬೇಯಲ್ಲಿ ಇಳಿಯುವುದು. ಅಲ್ಲಿಂದ ಡಿಸ್ನಿಲ್ಯಾಂಡ್‌ಗೇ ಮೀಸಲಾದ ಪುಟ್ಟ ರೈಲು. ಅದರ ಕಿಟಕಿಗಳು ಮಿಕ್ಕಿಯ ತಲೆಯ ಆಕಾರ, ನಿಂತವರು ಹಿಡಿದುಕೊಳ್ಳುವ ಹಿಡಿಗಳೂ ಹಾಗೇ. ರೈಲಿಗೆ ಚಾಲಕರಿಲ್ಲ. ಇದನ್ನು ಮಗ ಅಜ್ಜಿಗೆ ಹೇಳಬಾರದಿತ್ತು. ಇಳಿಯುವವರೆಗೂ ಅವರು ಕಂಬ ಬಿಡಲಿಲ್ಲ.

ಆಕ್ಟೋಪಸ್ ಕಾರ್ಡ್ ಮಾತ್ರ ಮರೆಯದೆ ಮಾಡಿಸಿ. ಮೆಟ್ರೋ, ಬಸ್ಸು, ದೋಣಿ, ಅಂಗಡಿ ಎಲ್ಲ ಕಡೆ ಚಿಲ್ಲರೆ ದುಡ್ಡಿನ ಬದಲು ನಡೆಯುತ್ತದೆ. 50 ಡಾಲರ್ ಠೇವಣಿ. ಮಕ್ಕಳಿಗೆ ಬೇರೆ ಕಾರ್ಡ್ ಇದೆ, ಅವರ ಪ್ರಯಾಣ ದರ ಕಡಿಮೆ. ಮೂರು ತುಂಬದ ಪುಟ್ಟಿಗೆ ಮೆಟ್ರೋ ಕೂಡ ಉಚಿತ. ಆ ವಾರವೆಲ್ಲ ನಮ್ಮನೆಯಲ್ಲಿ ಅವಳೇ ವಿಐಪಿ. ವಿಮಾನದವರು ಮಾತ್ರ ಬಿಡಲಿಲ್ಲ. ಅಲ್ಲಿ ಎರಡು ವರ್ಷಕ್ಕೇ ರಿಯಾಯಿತಿ ಮುಗಿಯುತ್ತದೆ, ಸೀಟು ಕೊಳ್ಳಬೇಕು.

ಸ್ಟೇಷನ್‌ನಿಂದ ಗೇಟಿಗೆ ನಡೆಯುವ ದಾರಿ ನೆಟ್ಟಗಿಲ್ಲ, ಒಂದು ಕಡೆ ಬಾಗುತ್ತದೆ. ಅದಕ್ಕೆ ಕಾರಣ ಫೆಂಗ್ ಶುಯಿ, ಅಂದರೆ ಚೀನೀಯರ ವಾಸ್ತು. ದಾರಿ ನೆಟ್ಟಗಿದ್ದರೆ ಒಳ್ಳೆಯ ಶಕ್ತಿ ಜಾರಿ ಸಮುದ್ರಕ್ಕೆ ಹೋಗುತ್ತದಂತೆ. ಕಟ್ಟುವಾಗ ಮುಖ್ಯ ಗೇಟಿನ ದಿಕ್ಕನ್ನೂ 12 ಡಿಗ್ರಿ ತಿರುಗಿಸಿದರು. 2005ರ ಸೆಪ್ಟೆಂಬರ್ 12ರಂದು ಪಾರ್ಕ್ ತೆರೆದದ್ದೂ ಒಳ್ಳೆಯ ದಿನ ನೋಡಿಯೇ. ಮಗ ಇದನ್ನು ಎಲ್ಲೋ ಓದಿ ಅಜ್ಜಿಗೆ ಒಪ್ಪಿಸಿದ. ಅತ್ತೆ ನಿಂತಲ್ಲೇ ನಿಂತು ಗೇಟು ನೋಡಿದರು. ‘ಇಷ್ಟು ದೊಡ್ಡ ಕಂಪನಿಯವರೇ ವಾಸ್ತು ನೋಡಿದ್ದಾರೆ. ನಾನು ಹೇಳಿದಾಗ ನಿಮ್ಮಪ್ಪ ಅಡುಗೆಮನೆ ಬಾಗಿಲು ಬದಲಾಯಿಸಲಿಲ್ಲ’ ಎಂದರು. ಯಜಮಾನರು ಟಿಕೆಟ್ ಹುಡುಕುವವರ ಹಾಗೆ ಮೊಬೈಲ್ ನೋಡತೊಡಗಿದರು.

ಈಗ ಪಾರ್ಕಿನ ಮಾತು. ದೊಡ್ಡದಲ್ಲ ಇದು. ಅಮೆರಿಕದ್ದನ್ನು ನೋಡಿ ಬಂದವರು ಮೂಗು ಮುರಿಯುತ್ತಾರೆ. ನನಗೆ ಅದೇ ಅನುಕೂಲ ಅನ್ನಿಸಿತು. ಮಂಡಿ ನೋವಿನ ಅತ್ತೆ, ತಳ್ಳುಗಾಡಿಯ ಮಗು ಇಬ್ಬರನ್ನೂ ಕಟ್ಟಿಕೊಂಡು ಒಂದೇ ದಿನದಲ್ಲಿ ಮುಗಿಸಬಹುದು. ಎರಡು ದಿನದ ಟಿಕೆಟ್ ಖಂಡಿತ ಬೇಡ. ಪಾರ್ಕನ್ನು ಸುತ್ತುವ ಹಳೇ ಕಾಲದ ರೈಲು ಒಂದಿದೆ, ಕಾಲು ನೋವಾದಾಗ ಅದೇ ಆಧಾರ.

ಗೇಟು ತೆರೆಯುವ ಮುಕ್ಕಾಲು ಗಂಟೆ ಮುಂಚೆ ಹೋಗಿ ನಿಂತೆವು. ಒಳಗೆ ಬಿಟ್ಟ ತಕ್ಷಣ ಎಲ್ಲರೂ ಓಡುವುದು ವರ್ಲ್ಡ್ ಆಫ್ ಫ್ರೋಜನ್ ಕಡೆಗೆ, ಫ್ರೋಜನ್ ಸಿನಿಮಾದ ಲೋಕ ಅದು. 2023ರ ನವೆಂಬರ್‌ನಲ್ಲಿ ತೆರೆದದ್ದು. ನಾವೂ ಓಡಿದೆವು, ಅಂದರೆ ಅತ್ತೆಯ ವೇಗದಲ್ಲಿ ಓಡಿದೆವು. ದೋಣಿಯ ಆಟಕ್ಕೆ ಎತ್ತರದ ಮಿತಿ ಇಲ್ಲ, ಎಲ್ಲರೂ ಕೂತೆವು. ಆ ಸಿನಿಮಾದ ರಾಣಿ ಎಲ್ಸಾ ಎದುರು ಬಂದಾಗ ಪುಟ್ಟಿಗೆ ಮಾತೇ ಬರಲಿಲ್ಲ. ಆಮೇಲೆ ಪಕ್ಕದ ಜಾರುಗಾಡಿಯ ರೋಲರ್ ಕೋಸ್ಟರ್. ಅದಕ್ಕೆ 95 ಸೆಂಟಿಮೀಟರ್ ಬೇಕು. ಪುಟ್ಟಿ 92. ಮೂರೇ ಸೆಂಟಿಮೀಟರ್! ಅಳತೆಕೋಲಿನ ಕೆಳಗೆ ತುದಿಗಾಲಲ್ಲಿ ನಿಂತಳು, ಜುಟ್ಟು ಎತ್ತಿ ಹಿಡಿದಳು. ಅಳತೆ ನೋಡುವ ಹುಡುಗಿ ನಗುತ್ತಾ ‘ಇಲ್ಲ’ ಎಂದಳು. ತಪ್ಪು ನನ್ನದೇ. ಯಾವ ಆಟಕ್ಕೆ ಎಷ್ಟು ಎತ್ತರ ಎಂದು ಮೊದಲೇ ನೋಡಿಕೊಂಡಿದ್ದರೆ ಅವಳನ್ನು ಆ ಕಡೆ ಕರೆದುಕೊಂಡೇ ಹೋಗುತ್ತಿರಲಿಲ್ಲ. ಹೊರಡುವ ಮೊದಲು ಮನೆಯ ಗೋಡೆಗೆ ನಿಲ್ಲಿಸಿ ಮಕ್ಕಳನ್ನು ಅಳೆದುಕೊಳ್ಳಿ. ಹೈಪರ್‌ಸ್ಪೇಸ್ ಮೌಂಟನ್‌ಗೆ 102, ಗ್ರಿಜ್ಲಿ ಗಣಿ ರೈಲಿಗೆ 112, ಟಾಯ್ ಸ್ಟೋರಿಯ ಆರ್‌ಸಿ ರೇಸರ್‌ಗೆ 120.

ಇಂಥ ಕಡೆ ‘ರೈಡರ್ ಸ್ವಿಚ್’ ಕೇಳಿ. ಅಪ್ಪ ಹೋಗಿ ಬರುವವರೆಗೆ ಅಮ್ಮ ಮಗುವಿನ ಜೊತೆ ನಿಲ್ಲುವುದು, ಆಮೇಲೆ ಅಮ್ಮ ಮತ್ತೆ ಪೂರ್ತಿ ಸಾಲು ನಿಲ್ಲದೆ ಹೋಗುವುದು. ನಮಗೆ ಹೆಚ್ಚು ಸಲ ಅದೂ ಬೇಕಾಗಲಿಲ್ಲ. ಅತ್ತೆ ಇದ್ದರಲ್ಲ. ‘ನೀವಿಬ್ಬರೂ ಹೋಗಿ, ನಾವಿಬ್ಬರೂ ಇಲ್ಲೇ ಇರ್ತೀವಿ’ ಎಂದು ನೆರಳಿನ ಬೆಂಚಿನ ಮೇಲೆ ಪುಟ್ಟಿಯನ್ನು ಕೂರಿಸಿಕೊಂಡರು. ಮದುವೆಯಾಗಿ ಹದಿಮೂರು ವರ್ಷದ ಮೇಲೆ ನಾನು, ಯಜಮಾನರು ಒಟ್ಟಿಗೆ ಕಿರುಚಿದ್ದು ಆ ಗಣಿ ರೈಲಿನಲ್ಲೇ. ಮೇಲೆ ಹತ್ತುತ್ತಾ ಇದ್ದ ರೈಲು ಇದ್ದಕ್ಕಿದ್ದ ಹಾಗೆ ಹಿಮ್ಮುಖ ಜಾರುತ್ತದೆ. ಆಮೇಲೆ ಕರಡಿಗಳು ಸಿಡಿಮದ್ದು ಹಾರಿಸಿ ನಮ್ಮನ್ನು ಮುಂದಕ್ಕೆ ಎಸೆಯುತ್ತವೆ. ಮುಂದೆ ಕೂತಿದ್ದ ಮಗ ತಿರುಗಿ ನಮ್ಮನ್ನೇ ನೋಡಿ ನಗುತ್ತಿದ್ದ.

ಆದರೆ ಇಡೀ ಪಾರ್ಕಿನಲ್ಲಿ ಒಂದೇ ಒಂದು ಆಟ ಆರಿಸು ಅಂದರೆ ನಾನು ಮಿಸ್ಟಿಕ್ ಮ್ಯಾನರ್ ಅನ್ನುತ್ತೇನೆ. ಬೇರೆ ಯಾವ ದೇಶದ ಡಿಸ್ನಿಲ್ಯಾಂಡ್‌ನಲ್ಲೂ ಇದು ಇಲ್ಲ. ಹೊರಗಿನಿಂದ ಭೂತದ ಬಂಗಲೆ ಥರ ಕಾಣುತ್ತದೆ, ಅತ್ತೆ ಮೊದಲು ಒಳಗೆ ಬರಲು ಒಪ್ಪಲೇ ಇಲ್ಲ, ಕೊನೆಗೆ ಹೇಗೋ ಬಂದರು. ಒಳಗೆ ಭೂತ ಇಲ್ಲ. ಊರೂರು ಸುತ್ತಿ ಹಳೇ ವಸ್ತು ಕೂಡಿಟ್ಟ ಒಬ್ಬ ಸಾಹುಕಾರನ ಮನೆ ಅದು. ಅವನ ಸಾಕಿದ ಕೋತಿ ಆಲ್ಬರ್ಟ್ ಮಾಯದ ಸಂಗೀತದ ಪೆಟ್ಟಿಗೆ ತೆರೆದುಬಿಡುತ್ತದೆ. ಅಷ್ಟೇ, ಮನೆಯ ಸಾಮಾನಿಗೆಲ್ಲ ಜೀವ ಬರುತ್ತದೆ. ನಾವು ಕೂತ ಗಾಡಿಗೆ ಹಳಿಯೇ ಇಲ್ಲ, ಕೋಣೆಯಿಂದ ಕೋಣೆಗೆ ತಾನೇ ತಿರುಗಿಕೊಂಡು ಹೋಗುತ್ತದೆ. ಕೊನೆಗೆ ಚೀನೀ ವಸ್ತುಗಳ ಕೋಣೆ. ಅಲ್ಲಿ ಕೈಯಲ್ಲಿ ದಂಡ ಹಿಡಿದ ವಾನರ ರಾಜನ ಮೂರ್ತಿಗೆ ಜೀವ ಬಂದು ಬಿರುಗಾಳಿ ಏಳುತ್ತದೆ. ಕತ್ತಲಲ್ಲಿ ಅತ್ತೆ ನನ್ನ ಕೈ ಹಿಡಿದು, ‘ನಮ್ಮ ಆಂಜನೇಯ ಕಣೇ’ ಎಂದರು. ಮಗ ಅದು ಚೀನಾದ ಮಂಕಿ ಕಿಂಗ್ ಎಂದು ತಿದ್ದಿದ. ‘ಹೆಸರು ಏನಾದರೂ ಇರಲಿ, ಬಾ ಇನ್ನೊಂದು ಸಲ’ ಎಂದು ಅವನನ್ನೇ ಎಳೆದುಕೊಂಡು ಮತ್ತೆ ಸಾಲಿಗೆ ನಿಂತರು. ಅಜ್ಜಿಗೆ ಅಲ್ಲಿ ಏನಿದೆ ಅಂದಿದ್ದರಲ್ಲ ಆ ಏಜೆಂಟರು!

ಊಟ ಅದರ ಹತ್ತಿರವೇ, ಎಕ್ಸ್‌ಪ್ಲೋರರ್ಸ್ ಕ್ಲಬ್‌ನಲ್ಲಿ. ನಾವು ಹೋದಾಗ ಭಾರತದ ಅಡುಗೆಯೂ ಇತ್ತು. ಸಸ್ಯಾಹಾರ ಹೌದೋ ಅಲ್ಲವೋ ಎಂದು ಎರಡು ಸಲ ಕೇಳಿ ಮೂರು ತಟ್ಟೆ ತೆಗೆದುಕೊಂಡು ಐವರೂ ಹಂಚಿಕೊಂಡೆವು. ಒಳಗೆ ತಿಂದಿದ್ದು ಅದೊಂದೇ ಊಟ. ಬೆಳಗಿನ ತಿಂಡಿ ತುಂಗ್ ಚುಂಗ್‌ನ ಸೂಪರ್‌ಮಾರ್ಕೆಟ್‌ನ ಬ್ರೆಡ್, ಬಾಳೆಹಣ್ಣು, ಮೊಸರು. ಖಾಲಿ ಬಾಟಲಿ ಒಯ್ದರೆ ಒಳಗೆ ನೀರು ತುಂಬಿಕೊಳ್ಳಬಹುದು.

ಲೆಕ್ಕ ತಪ್ಪಿದ್ದು ಆಟಿಕೆ ಅಂಗಡಿಯಲ್ಲಿ. ಮಕ್ಕಳಿಬ್ಬರಿಗೂ ತಲಾ 100 ಡಾಲರ್ ಎಂದು ಮೊದಲೇ ಹೇಳಿ ಒಪ್ಪಿಸಿದ್ದೆ. ಮಗ ಮಾತು ಉಳಿಸಿಕೊಂಡ. ಮುರಿದದ್ದು ನಾನು. ಮಿಕ್ಕಿ ಕಿವಿಯ ಹೆಡ್‌ಬ್ಯಾಂಡ್ ಹಾಕಿಕೊಂಡು ಕನ್ನಡಿ ನೋಡಬಾರದಿತ್ತು. ಪುಸ್ತಕದಲ್ಲಿ ಅದನ್ನು ‘ಇತರೆ’ ಎಂದು ಬರೆದಿದ್ದೇನೆ.

ಜಂಗಲ್ ರಿವರ್ ಕ್ರೂಸ್‌ಗೆ ಹೋಗುವವರು ಸಾಲಿನ ಬೋರ್ಡ್ ನೋಡಿ ನಿಲ್ಲಿ. ಕ್ಯಾಂಟನೀಸ್, ಮ್ಯಾಂಡರಿನ್, ಇಂಗ್ಲಿಷ್‌ಗೆ ಬೇರೆ ಬೇರೆ ಸಾಲು ಇವೆ. ಲಯನ್ ಕಿಂಗ್ ಪ್ರದರ್ಶನ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಅರ್ಧ ಗಂಟೆ ಎಸಿಯಲ್ಲಿ ಕೂರಬಹುದು. ಪುಟ್ಟಿ ಅಲ್ಲಿ ಚೆನ್ನಾಗಿ ನಿದ್ದೆ ಹೊಡೆದಳು. ರಾತ್ರಿ ಕೋಟೆಯ ಮೇಲೆ ಬೆಳಕು, ನೀರು, ಪಟಾಕಿಯ ಪ್ರದರ್ಶನ. ನೋಡದೆ ಬರಬೇಡಿ. ಅದು ಮುಗಿದ ತಕ್ಷಣ ಇಡೀ ಪಾರ್ಕ್ ರೈಲಿಗೆ ನುಗ್ಗುತ್ತದೆ. ನಾವು ಅರ್ಧ ಗಂಟೆ ಬೆಂಚಿನ ಮೇಲೆ ಕೂತು ನಿಧಾನ ಹೊರಟೆವು.

ಮಾರನೇ ದಿನ ದೊಡ್ಡ ಬುದ್ಧನನ್ನು ನೋಡಿ ಬಂದೆವು. ಕೇಬಲ್ ಕಾರ್ ಇದೆ, ದುಬಾರಿ. ತುಂಗ್ ಚುಂಗ್‌ನಿಂದಲೇ 23ನೇ ನಂಬರ್ ಬಸ್ಸು ಬೆಟ್ಟಕ್ಕೆ ಹೋಗುತ್ತದೆ. 34 ಮೀಟರ್ ಎತ್ತರದ ಕಂಚಿನ ಮೂರ್ತಿ, ಹತ್ತಲು 268 ಮೆಟ್ಟಿಲು, ನೋಡಲು ದುಡ್ಡಿಲ್ಲ. ಮಂಡಿ ನೋವು ಎನ್ನುತ್ತಿದ್ದ ಅತ್ತೆ ನನಗಿಂತ ಮೊದಲು ಮೇಲಿದ್ದರು. ಆ ದಿನ ಮಂಜು ಎಷ್ಟಿತ್ತೆಂದರೆ ಬುದ್ಧನ ಮುಖ ಎರಡೇ ಸಲ ಕಂಡಿತು.

ಅಂಕ ಕೊಡು ಅಂದರೆ ಐದಕ್ಕೆ ನಾಲ್ಕು. ಹತ್ತು ವರ್ಷದ ಒಳಗಿನ ಮಕ್ಕಳು, ಅರವತ್ತು ದಾಟಿದ ಅಜ್ಜಿ ತಾತ ಇರುವ ಮನೆಯವರಿಗೆ ನಾಲ್ಕೂವರೆ. ಹದಿನೈದು ದಾಟಿದ, ಬರೀ ಎದೆ ನಡುಗಿಸುವ ಆಟ ಬೇಕೆನ್ನುವ ಹುಡುಗರಿಗೆ ಮೂರೇ ಸಾಕು.

ಹೊರಡುವ ದಿನ ಆಕ್ಟೋಪಸ್ ಕಾರ್ಡ್‌ಗಳನ್ನು ವಾಪಸ್ ಕೊಟ್ಟು ಠೇವಣಿ ತೆಗೆದುಕೊಂಡೆವು, ಸ್ವಲ್ಪ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಅತ್ತೆ ಮಾತ್ರ ತಮ್ಮದನ್ನು ಕೊಡಲಿಲ್ಲ. ಸೆರಗಿನ ಗಂಟಿನಲ್ಲಿತ್ತು. ‘ಐವತ್ತು ಡಾಲರ್ ಅತ್ತೆ’ ಎಂದೆ. ‘ನಿನ್ನ ಪುಸ್ತಕದಲ್ಲಿ ನನ್ನ ಹೆಸರಿಗೆ ಬರ್ಕೋ’ ಎಂದರು.