ಮಂಗಳೂರಿಗೆ ಹೋಗಿ ಹಳೆಯ ಡಿಸಿಟಿ ಕಾರು ತೆಗೆದುಕೊಳ್ಳುವವರು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಕಾಸರಗೋಡು ಕಡೆಯಿಂದ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರಿಗಾಗಿ ಮಂಗಳೂರಿಗೆ ಹೋಗುವವರು ತುಂಬ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಡಿಸಿಟಿ, ಅಂದರೆ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಇರುವ ಕಾರು ನೋಡುತ್ತಿರುವವರಿಗೆ. ಕ್ಲಚ್ ಸವೆದ ಕಾರು ಮಾರಿ ಮಂಗಳೂರಿನ ಒಂದು ಅಂಗಡಿಯವರು ನನಗೆ ಮೋಸ ಮಾಡಿದ್ದಾರೆ. "ನಮಗೂ ಗೊತ್ತಿರಲಿಲ್ಲ ಸರ್" ಅಂತ ಅವರು ಈಗ ಹೇಳುತ್ತಿದ್ದಾರೆ. ಸುಳ್ಳು. ಗೊತ್ತಿದ್ದೇ ಮಾಡಿದ್ದು. ಅದಕ್ಕೆ ನನ್ನ ಹತ್ತಿರ ಕಾಗದ ಇದೆ.

ಅಂಗಡಿಯ ಹೆಸರು ಬರೆಯುತ್ತಿಲ್ಲ, ವಿಷಯ ಗ್ರಾಹಕರ ಕಮಿಷನ್‌ಗೆ, ಅಂದರೆ ಗ್ರಾಹಕರ ಕೋರ್ಟಿಗೆ ಹೋಗುತ್ತಿದೆ. ಕಾರಿನ ಕಂಪನಿಯ ಹೆಸರೂ ಬೇಡ. ನನ್ನ ಜಗಳ ಕಂಪನಿ ಜೊತೆ ಅಲ್ಲ, ಮಾರಿದವರ ಜೊತೆ.

ನನ್ನ ಎಡ ಮೊಣಕಾಲಿಗೆ ಆಪರೇಷನ್ ಆಗಿದೆ. ಕ್ಲಚ್ ತುಳಿಯುವುದು ಕಷ್ಟ. ಹೈವೇ ಕೆಲಸದ ಸಮಯದಲ್ಲಿ ಉಪ್ಪಳ, ಕುಂಬಳೆಯ ಸರ್ವಿಸ್ ರಸ್ತೆಯಲ್ಲಿ ಕಾರು ಓಡಿಸಿದವರಿಗೆ ಬೇರೆ ಹೇಳಬೇಕಾಗಿಲ್ಲ. ಅದಕ್ಕೇ ಆಟೋಮ್ಯಾಟಿಕ್ ಹುಡುಕಿದ್ದು. ಮೊದಲ ದಿನವೇ ಸೇಲ್ಸ್‌ನ ಹುಡುಗನಿಗೆ ಇದೆಲ್ಲ ಹೇಳಿದೆ. ಮನೆ ಬದಿಯಡ್ಕದಿಂದ ಒಳಗೆ, ಗುಡ್ಡೆ ಕಡಿದು ಮಾಡಿದ ಕಾಂಕ್ರೀಟ್ ಚಡಾವು ಹತ್ತಿಯೇ ಅಂಗಳಕ್ಕೆ ಬರಬೇಕು ಅಂತಲೂ ಹೇಳಿದೆ. ಅವನು ಹೇಳಿದ್ದು ಇದು: "ಸರ್, ಇದರಲ್ಲಿ ಕ್ಲಚ್ಚೇ ಇಲ್ಲ. ಕ್ಲಚ್ಚಿನ ಖರ್ಚೂ ಇಲ್ಲ. ನಿಮ್ಮ ಊರಿನ ಚಡಾವಿಗೆ ಇದರಷ್ಟು ಒಳ್ಳೆ ಗಾಡಿ ಬೇರೆ ಸಿಗ್ಲಿಕ್ಕಿಲ್ಲ."

ಕ್ಲಚ್ಚೇ ಇಲ್ಲ ಅಂದ. ಈ ಮಾತು ನೆನಪಿಟ್ಟುಕೊಳ್ಳಿ.

ಡಿಸಿಟಿಯಲ್ಲಿ ಇಲ್ಲದ್ದು ಕ್ಲಚ್ ಪೆಡಲ್ ಮಾತ್ರ. ಒಳಗೆ ಎರಡು ಕ್ಲಚ್ ಇದೆ. 1, 3, 5, 7ನೇ ಗೇರಿಗೆ ಒಂದು, 2, 4, 6ಕ್ಕೆ ಇನ್ನೊಂದು. ನಾವು ಮೂರರಲ್ಲಿ ಹೋಗುತ್ತಿರುವಾಗಲೇ ನಾಲ್ಕು ರೆಡಿ ಇರುತ್ತದೆ. ಅದಕ್ಕೇ ಹೈವೇಯಲ್ಲಿ ಗೇರ್ ಬದಲಾದದ್ದೇ ಗೊತ್ತಾಗುವುದಿಲ್ಲ, ಬೆಣ್ಣೆಯ ಹಾಗೆ ಹೋಗುತ್ತದೆ. ಕ್ಲಚ್ ಹಿಡಿಯುವುದು ಬಿಡುವುದು ಎಲ್ಲ ಕಂಪ್ಯೂಟರಿನ ಕೆಲಸ. ಇದರಲ್ಲಿ ಎರಡು ಜಾತಿ. ಒಂದರಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಬಿಸಿಯನ್ನು ಎಣ್ಣೆ ಎಳೆದುಕೊಳ್ಳುತ್ತದೆ. ಟಾಟಾ ಆಲ್ಟ್ರೋಜ್‌ಗೆ 2022ರಲ್ಲಿ ಬಂದದ್ದು ಆ ಜಾತಿ. ಇನ್ನೊಂದು ಡ್ರೈ ಕ್ಲಚ್, ಗಾಳಿಯಿಂದಲೇ ತಣಿಯಬೇಕು. ಜಾಮ್‌ನಲ್ಲಿ ಅಡಿ ಅಡಿ ಮುಂದೆ ಹೋದರೆ, ಚಡಾವಿನಲ್ಲಿ ನಿಂತು ಹೊರಟರೆ, ಮ್ಯಾನುವಲ್‌ನಲ್ಲಿ ನಾವು ಹಾಫ್ ಕ್ಲಚ್ ಹಾಕುತ್ತೇವಲ್ಲ, ಅದನ್ನೇ ಅದು ಒಳಗೆ ಮಾಡುತ್ತಿರುತ್ತದೆ. ಸವೆಯುತ್ತದೆ. ನನಗೆ ಕೊಟ್ಟದ್ದು ಡ್ರೈ ಕ್ಲಚ್ಚಿನದ್ದು. ಸರಿಯಾಗಿ ಇದ್ದರೆ ಅದೂ ಒಳ್ಳೆಯ ಗೇರ್‌ಬಾಕ್ಸೇ, ಅದರಲ್ಲಿ ಎರಡು ಮಾತಿಲ್ಲ. ಸವೆದದ್ದನ್ನು ಮುಚ್ಚಿಟ್ಟು ಮಾರಿದ್ದು ಇಲ್ಲಿಯ ವಿಷಯ.

ಟೆಸ್ಟ್ ಡ್ರೈವ್ ಬೆಳಗ್ಗೆಯೇ ಇಟ್ಟರು. ಹೈವೇಯಲ್ಲಿ ಕೂಳೂರಿನವರೆಗೆ ಹೋಗಿ ಬಂದೆವು. ಒಂದು ಜರ್ಕ್ ಇಲ್ಲ, ಸದ್ದಿಲ್ಲ. ಕದ್ರಿ ಕಡೆ ಚಡಾವು ಇದೆಯಲ್ಲ, ಅಲ್ಲಿ ಒಮ್ಮೆ ನಿಲ್ಲಿಸಿ ಹತ್ತಿಸಿ ನೋಡುತ್ತೇನೆ ಅಂದೆ. "ಅಲ್ಲಿ ಈಗ ಟ್ರಾಫಿಕ್ ಸರ್, ಇನ್ನೊಬ್ರು ಕಸ್ಟಮರ್ ಕಾಯ್ತಾ ಇದ್ದಾರೆ" ಅಂದ. ಸರ್ವಿಸ್ ಹಿಸ್ಟರಿ ಕೇಳಿದೆ. "ಡೆಲಿವರಿ ಟೈಮಿಗೆ ಫೈಲ್‌ನಲ್ಲಿ ಹಾಕಿ ಕೊಡ್ತೇವೆ" ಅಂದ. ಫೈಲ್ ಬಂತು, ಅದರಲ್ಲಿ ಹಿಸ್ಟರಿ ಇರಲಿಲ್ಲ. ಮತ್ತೆ ಕೇಳಿದರೆ "ವಾಟ್ಸಾಪ್ ಮಾಡ್ತೇನೆ". ಇವತ್ತಿನವರೆಗೂ ಬಂದಿಲ್ಲ. 6,90,000 ಕೊಟ್ಟು ತಂದ ಕಾರು. ಕರ್ನಾಟಕದ ಆರ್‌ಟಿಒ ಒಪ್ಪಿಗೆ ಪತ್ರ (ಎನ್‌ಒಸಿ) ತರಿಸಿಕೊಂಡು ಕೆಎಲ್ 14, ಅಂದರೆ ಕಾಸರಗೋಡಿನ ನಂಬರ್ ಮಾಡಿಸಲು ಕೇರಳದ ಟ್ಯಾಕ್ಸ್ ಬೇರೆ ಕಟ್ಟಿದ್ದೇನೆ.

ಮೊದಲು ಎಲ್ಲ ಸರಿ ಇತ್ತು. ಕುಂಬಳೆ ಬೆಡಿಯ ದಿನ, ಅಂದರೆ ಅಲ್ಲಿಯ ಜಾತ್ರೆಯ ಸಿಡಿಮದ್ದಿನ ದಿನ, ಜಾಮ್‌ನಲ್ಲಿ ಸಿಕ್ಕಿಬಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಒಂದರಿಂದ ಎರಡಕ್ಕೆ ಹೋಗುವಾಗ ಕಾರು ಗಡಗಡ ನಡುಗಲು ಶುರುವಾಯಿತು. ಒಳಗಿನ ಕನ್ನಡಿ ಎಷ್ಟು ಅದುರುತ್ತಿತ್ತು ಅಂದರೆ ಹಿಂದಿನ ಗಾಡಿಯ ಒಂದು ಹೆಡ್‌ಲೈಟ್ ಎರಡಾಗಿ ಕಾಣುತ್ತಿತ್ತು. ಆಮೇಲೆ ಪೆರ್ಲದ ಹತ್ತಿರ ಒಂದು ಗೃಹಪ್ರವೇಶ. ಮಾವ, ಅತ್ತೆ, ಭಾವ ಎಲ್ಲ ಕಾರಿನಲ್ಲಿ. ಹೊಸ ಮನೆಯ ಚಡಾವಿನ ಅರ್ಧದಲ್ಲಿ ಎದುರಿನಿಂದ ಜೀಪು ಬಂತು, ನಿಲ್ಲಿಸಿದೆ. ಮತ್ತೆ ಹೊರಡಲೇ ಇಲ್ಲ. ಸುಟ್ಟ ವಾಸನೆ. ಗೇರ್‌ಬಾಕ್ಸ್ ಬಿಸಿಯಾಗಿದೆ, ಗಾಡಿ ನಿಲ್ಲಿಸಿ ಅಂತ ಮೀಟರಿನಲ್ಲಿ ಕೆಂಪು ಅಕ್ಷರ. ಮಾವನಿಗೆ ಕಾಲು ನೋವು, ಅವರನ್ನು ಬಿಸಿಲಿಗೆ ಇಳಿಸಿ ನಡೆಸಬೇಕಾಯಿತು. ಮೇಲೆ ಚಪ್ಪರದ ಕೆಳಗೆ ನಿಂತಿದ್ದ ನೆಂಟರೆಲ್ಲ ನೋಡುತ್ತಿದ್ದರು. ಊಟದ ಪಂಕ್ತಿಯಲ್ಲೂ ಅದೇ ಮಾತು, "ಗಾಡಿಗೆ ಎಂತ ಆದ್ದು?" ಅಂತ. ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಇನ್ನು ಅವರ ಉತ್ತರಗಳು. ಒಂದೊಂದೇ ಓದಿ. ನೀವು ಕೇಳಿದರೂ ಇವೇ ಬರುತ್ತವೆ.

ಮೊದಲ ಸಲ: "ಆಟೋಮ್ಯಾಟಿಕ್ ಅಂದ್ರೆ ಹಾಗೇ ಸರ್. ನೀವು ಮ್ಯಾನುವಲ್ ಓಡಿಸಿದವರಲ್ವಾ, ಅಭ್ಯಾಸ ಆಗ್ತದೆ."

ಆಮೇಲೆ: "ಪೆಟ್ರೋಲ್ ಬೇರೆ ಬಂಕ್‌ನಲ್ಲಿ ಹಾಕಿಸಿ ನೋಡಿ." ಪೆಟ್ರೋಲಿಗೂ ಕ್ಲಚ್ಚಿಗೂ ಎಂತ ಸಂಬಂಧ?

ಆಮೇಲೆ: "ನೀವು ಚಡಾವಲ್ಲಿ ಆಕ್ಸಿಲರೇಟರ್ ಕೊಟ್ಟು ಗಾಡಿ ನಿಲ್ಸಿದ್ದೀರಿ, ಅದಕ್ಕೇ ಹೋದದ್ದು." ನಾನು ಹಾಗೆ ಮಾಡುವವನಲ್ಲ. ನಿಂತಾಗ ಪೂರ್ತಿ ಬ್ರೇಕ್, ಚಡಾವಿನಲ್ಲಿ ಹ್ಯಾಂಡ್ ಬ್ರೇಕ್. ಜಾಮ್‌ನಲ್ಲೂ ಮುಂದೆ ಜಾಗ ಆದ ಮೇಲೆಯೇ ಒಮ್ಮೆಲೇ ಹೋಗಿ ನಿಲ್ಲಿಸುತ್ತೇನೆ. ಅವನಿಗೆ ಹಾಗಂತ ಹೇಳಿದೆ. ಫೋನ್ ಇಟ್ಟ.

ಕೊನೆಗೆ ಮ್ಯಾನೇಜರ್ ಸಿಕ್ಕಿದರು. ಒಂದು ವರ್ಷ ಎಂಜಿನ್, ಗೇರ್‌ಬಾಕ್ಸ್ ವಾರಂಟಿ ಅಂತ ಕೊಟ್ಟಿದ್ದೀರಲ್ಲ, ಮಾಡಿಸಿ ಕೊಡಿ ಅಂದೆ. ಅವರು ಹೇಳಿದ್ದು: "ಗೇರ್‌ಬಾಕ್ಸ್‌ಗೆ ವಾರಂಟಿ ಉಂಟು ಮಾರಾಯ್ರೆ. ಕ್ಲಚ್‌ಗೆ ಇಲ್ಲ. ಕ್ಲಚ್ ವೇರ್ ಆಂಡ್ ಟೇರ್."

ಮಾರುವಾಗ ಇದರಲ್ಲಿ ಕ್ಲಚ್ಚೇ ಇರಲಿಲ್ಲ. ಕೆಟ್ಟ ಮೇಲೆ ಕ್ಲಚ್ ಬಂತು, ಬಂದದ್ದು ವಾರಂಟಿಯ ಹೊರಗೆ. ಇದನ್ನು ನಾನು ಅವರ ಮುಖಕ್ಕೇ ಹೇಳಿದೆ. "ಹುಡುಗ ಹೊಸಬ ಸರ್, ಗೊತ್ತಿಲ್ಲದೆ ಹೇಳಿರ್ಬೇಕು" ಅಂದರು. ನನ್ನ ದುಡ್ಡು ತೆಗೆದುಕೊಳ್ಳುವಾಗ ಹುಡುಗ ಹೊಸಬ ಆಗಿರಲಿಲ್ಲ ಅಲ್ವಾ?

ಪುತ್ತೂರಿನಲ್ಲಿ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಸ್ಕ್ಯಾನರ್ ಹಾಕಿ ಒಂದು ಸಾಲು ತೋರಿಸಿದರು. ಏನು ಕೆಟ್ಟಿದೆ ಅಂತ ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ಗುರುತಿಗೆ ಫಾಲ್ಟ್ ಕೋಡ್ ಅನ್ನುತ್ತಾರೆ. ಹಳೆಯ ಕೋಡ್ ಅಳಿಸಿದರೆ, ಅಳಿಸಿದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಅಂತ ಲೆಕ್ಕ ಇರುತ್ತದೆ. ಡೆಲಿವರಿ ನೋಟ್‌ನಲ್ಲಿದ್ದ ಓಡೋಮೀಟರ್ ಇಟ್ಟು ಲೆಕ್ಕ ಹಾಕಿದೆವು. ಕಾರು ನನ್ನ ಕೈಗೆ ಬರುವ 17 ಕಿಲೋಮೀಟರ್ ಮೊದಲು ಕೋಡ್ ಅಳಿಸಿದ್ದಾರೆ. ಕೂಳೂರಿಗೆ ಹೋಗಿ ಬಂದದ್ದೂ ಆ 17ರಲ್ಲೇ ಸೇರಿದೆ! ನಾನು ಗ್ಯಾರೇಜಿನ ಸ್ಟೂಲಿನಲ್ಲಿ ಹಾಗೇ ಕುಳಿತುಬಿಟ್ಟೆ.

ಇದನ್ನು ಕೇಳಿದ್ದಕ್ಕೆ ಬಂದ ಉತ್ತರ: "ಬ್ಯಾಟರಿ ಹೊಸದು ಹಾಕಿದ್ದೆವು ಸರ್, ಅದರಲ್ಲಿ ಕೋಡ್ ಹೋಗಿರ್ಬೇಕು." ಬಾನೆಟ್ ತೆಗೆದು ನೋಡಿದೆ. ಬ್ಯಾಟರಿಯ ಮೇಲಿನ ತಾರೀಕು ಎರಡು ವರ್ಷಕ್ಕಿಂತ ಹಳೆಯದು. ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಮೆಕ್ಯಾನಿಕ್ ಹೇಳಿದ ಇನ್ನೊಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಕ್ಲಚ್ ಸವೆದ ಹಾಗೆ ಅದು ಎಲ್ಲಿ ಹಿಡಿಯುತ್ತದೆ ಅನ್ನುವುದನ್ನು ಕಂಪ್ಯೂಟರ್ ಕಲಿಯುತ್ತಾ ಹೋಗುತ್ತದೆ. ಅದನ್ನು ಸ್ಕ್ಯಾನರಿನಿಂದ ಹೊಸದಾಗಿ ಕಲಿಸಬಹುದು, ಅಡಾಪ್ಟೇಷನ್ ಅನ್ನುತ್ತಾರೆ. ಮಾಡಿದರೆ ಸವೆದ ಕ್ಲಚ್ ಕೂಡ ಸ್ವಲ್ಪ ದಿನ ನೈಸಾಗಿ ಓಡಬಹುದು. ಟೆಸ್ಟ್ ಡ್ರೈವ್‌ಗೆ ಅಷ್ಟು ಸಾಕು.

ಕೊನೆಗೆ ಆರ್‌ಸಿ ಹಿಡಿದುಕೊಂಡು ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಚಾಸಿಸ್ ನಂಬರ್ ಹಾಕಿ ಹಿಸ್ಟರಿ ಪ್ರಿಂಟ್ ತೆಗೆದು ಕೊಟ್ಟರು. ಹಳೆಯ ಓನರ್ ನಿಧಾನದಲ್ಲಿ ಹೋಗುವಾಗ ನಡುಕ ಅಂತ ತಂದಿದ್ದಾರೆ. ಕ್ಲಚ್ ಬದಲಿಸಬೇಕು ಅಂತ 1,40,000ದ ಎಸ್ಟಿಮೇಟ್ ಕೊಟ್ಟಿದ್ದಾರೆ. ಬೇಡ ಅಂತ ಸಹಿ ಹಾಕಿ ಹೋಗಿದ್ದಾರೆ. ಅದರ ಕೆಳಗೆ ಇನ್ನೊಂದು ಎಂಟ್ರಿ. ಕಸ್ಟಮರ್ ಹೆಸರಿನ ಜಾಗದಲ್ಲಿ ನನಗೆ ಕಾರು ಮಾರಿದ ಅಂಗಡಿಯ ಹೆಸರೇ ಇದೆ. ಕೆಲಸ: ಕ್ಲಚ್ ಅಡಾಪ್ಟೇಷನ್ ಮಾತ್ರ. ಕ್ಲಚ್ ಬದಲಿಸಲು ಒಪ್ಪಿಗೆ ಇಲ್ಲ.

ಅವರೇ ತಂದಿದ್ದಾರೆ. ಅವರೇ ಬೇಡ ಅಂದಿದ್ದಾರೆ. ಆಮೇಲೆ ಮೊಣಕಾಲು ಆಪರೇಷನ್ ಆದವನಿಗೆ ಕ್ಲಚ್ಚೇ ಇಲ್ಲ ಅಂತ ಮಾರಿದ್ದಾರೆ. "ನಮಗೂ ಗೊತ್ತಿರಲಿಲ್ಲ ಸರ್" ಅಂತೆ!

ಆ ಪ್ರಿಂಟಿನ ಫೋಟೋ ಕಳಿಸಿದ ಮೇಲೆ ಅವರೇ ಫೋನ್ ಮಾಡಿದರು. "ಸುಮ್ನೆ ದೊಡ್ಡದು ಮಾಡ್ಬೇಡಿ. ಗಾಡಿ ವಾಪಸ್ ತನ್ನಿ, 4,75,000 ಕೊಡ್ತೇವೆ." ಕೊಟ್ಟರೆ ಏನಾಗುತ್ತದೆ ಅಂತ ನನಗೆ ಗೊತ್ತು. ಮತ್ತೆ ಅಡಾಪ್ಟೇಷನ್ ಮಾಡಿಸಿ, ತೊಳೆದು, ಪಾಲಿಶ್ ಹಾಕಿ ಇನ್ನೊಬ್ಬರಿಗೆ ದಾಟಿಸುತ್ತಾರೆ. ಆ ಇನ್ನೊಬ್ಬರು ನೀವೇ ಆಗಬಹುದು. ಕೊಡುವುದಿಲ್ಲ ಅಂದೆ.

ಡಿಸಿಟಿ ನೋಡುವವರು ಇಷ್ಟಾದರೂ ಮಾಡಿ. ಹಿಸ್ಟರಿ ಪ್ರಿಂಟ್ ಕೈಗೆ ಬರದೆ ಒಂದು ರೂಪಾಯಿ ಕೊಡಬೇಡಿ. ನಿಮ್ಮದೇ ಮೆಕ್ಯಾನಿಕ್ ಸ್ಕ್ಯಾನರ್ ತರಲಿ, ಕೋಡ್ ಯಾವಾಗ ಅಳಿಸಿದ್ದಾರೆ ಅಂತ ನೋಡಲಿ. ಹೈವೇಯಲ್ಲಿ ಓಡಿಸಿ ಏನೂ ಗೊತ್ತಾಗುವುದಿಲ್ಲ. ಪೇಟೆಯ ಜಾಮ್‌ನಲ್ಲಿ ಅರ್ಧ ಗಂಟೆ ಓಡಿಸಿ, ಗೇರ್‌ಬಾಕ್ಸ್ ಬಿಸಿಯಾದ ಮೇಲೆ ಚಡಾವಿನಲ್ಲಿ ನಿಲ್ಲಿಸಿ ಹೊರಡಿಸಿ, ರಿವರ್ಸ್‌ನಲ್ಲೂ ಹತ್ತಿಸಿ. ಬಿಡುವುದಿಲ್ಲ ಅಂದರೆ ಎದ್ದು ಬನ್ನಿ. ವಾರಂಟಿ ಕಾಗದದಲ್ಲಿ "ಕ್ಲಚ್ ಸೇರಿ" ಅಂತ ಬರೆಸಿಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ.

ಮಂಗಳೂರಿನ ಅಂಗಡಿ, ನಾವು ಕೇರಳದವರು, ಕೇಸ್ ಹಾಕಲು ಅಲ್ಲಿಗೇ ಅಲೆಯಬೇಕು ಅಂತ ನನಗೆ ತುಂಬ ಜನ ಹೇಳಿದರು. ಅಂಗಡಿಯವರೂ ಅದೇ ಧೈರ್ಯದಲ್ಲಿ ಇದ್ದಾರೆ. ಹಾಗೇನಿಲ್ಲ. 2019ರ ಗ್ರಾಹಕರ ರಕ್ಷಣೆ ಕಾಯ್ದೆಯ ಪ್ರಕಾರ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಫೀಸ್ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ. ಮೊದಲು ಏನು ಮಾಡಬೇಕು ಅಂತ ಗೊತ್ತಾಗದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ವಕೀಲರ ನೋಟಿಸ್ ಅವರಿಗೆ ತಲುಪಿದೆ, ಸಹಿ ಹಾಕಿದ ಕಾರ್ಡ್ ನನಗೆ ವಾಪಸ್ ಬಂದಿದೆ. ಉತ್ತರಕ್ಕೆ ಕೊಟ್ಟ ಗಡುವು ಈ ವಾರ ಮುಗಿಯುತ್ತದೆ. ಅಷ್ಟರಲ್ಲಿ ಬರದಿದ್ದರೆ ಸೋಮವಾರ ಕಾಸರಗೋಡಿನ ಕಮಿಷನ್‌ನಲ್ಲಿ ದೂರು ಕೊಡುತ್ತೇನೆ.